ಮೇಸ್ತ್ರಿ ಮನೆ ಬೆಚ್ಚಗಾಯಿತು

ನಮ್ಮದು ಹಿಮ ಬೀಳುವ ಬೆಟ್ಟದೂರು. ನಮ್ಮ ಬೀದಿಯ ಮೇಸ್ತ್ರಿಗೆ ತಮ್ಮ ಮನೆ ಅಂದರೆ ಎಲ್ಲಿಲ್ಲದ ಹೆಮ್ಮೆ. ಹರೆಯದಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ತಾವೇ ಕಟ್ಟಿದ್ದು. ಗೋಡೆಗೆ ಮೊಳೆ ಹೊಡೆಯಲು ಹೋದರೆ ಸುತ್ತಿಗೆಯೇ ಸೋಲುತ್ತಿತ್ತು. ಆದರೆ ಚಳಿಗಾಲದಲ್ಲಿ ಒಲೆ ಎಷ್ಟು ಉರಿಸಿದರೂ ಒಳಗೆ ಹಲ್ಲು ಕಟಕಟ. ಮೊಮ್ಮಗಳಿಗೆ ಕೆಮ್ಮು ಹತ್ತಿ, ಚಳಿ ಮುಗಿಯುವವರೆಗೂ ಅವಳು ಚಿಕ್ಕಮ್ಮನ ಮನೆಯಲ್ಲೇ ಇರಬೇಕಾಗುತ್ತಿತ್ತು.

ಸೊಸೆ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಳು. ಈ ವರ್ಷ ಚಳಿಗೆ ಮುಂಚೆ, ಒಲೆ ಉರಿಯುತ್ತಿದ್ದ ಒಂದು ಸಂಜೆ, ಮಗಳ ಬಟ್ಟೆ ಮಡಚುತ್ತಾ ಕೇಳಿಯೇ ಬಿಟ್ಟಳು.

"ಮಾವ, ಮನೆಗೆ ಶಾಖ ಹೊರಗೆ ಹೋಗದ ಹಾಗೆ ತಡೆಯೋ ಇನ್ಸುಲೇಶನ್ ಹಾಕೋಣ್ವಾ?"

"ನನ್ನ ಮನೆಗೇನಾಗಿದೆ?" ಮೇಸ್ತ್ರಿ ಸಿಡುಕಿದರು. "ಇಡೀ ಬೀದೀಲಿ ನಮ್ಮ ಮಾಡಿನ ಹಿಮಾನೇ ಮೊದಲು ಕರಗೋದು. ಇಷ್ಟು ಬೆಚ್ಚಗಿರೋ ಮನೆ ಇನ್ನೆಲ್ಲಿದೆ?"

ಸೊಸೆಗೆ ನಗು ತಡೆಯಲಾಗಲಿಲ್ಲ. "ಬೆಚ್ಚಗಿರೋದು ಮಾಡು ಮಾವ, ನಾವಲ್ಲ! ಒಲೆ ಶಾಖ ಎಲ್ಲಾ ಮೇಲೆ ಹೋಗ್ತಿದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ನಂಬಿಕೆ ಇಲ್ದಿದ್ರೆ ಅಟ್ಟ ಹತ್ತಿ ನೋಡಿ."

ಮೇಸ್ತ್ರಿ ಹಠಕ್ಕೆ ಹತ್ತಿದರು. ಹತ್ತಿದವರು ಇಳಿಯಲೇ ಇಲ್ಲ.

"ಏನ್ರೀ, ಅಲ್ಲೇ ಮಲಗಿಬಿಟ್ರಾ?" ಹೆಂಡತಿ ಕೂಗಿದರು.

"ಮಲಗಬಹುದು ಕಣೇ," ಮೇಲಿಂದ ಮೆತ್ತಗೆ ದನಿ ಬಂತು. "ಕೆಳಗಿಂತ ಇಲ್ಲೇ ಬೆಚ್ಚಗಿದೆ."

ಇಳಿದು ಬಂದು ಮುಖ ಸಣ್ಣ ಮಾಡಿಕೊಂಡು ಕೂತರು. "ಹಾಗಾದ್ರೆ ನಾನು ಕಟ್ಟಿದ್ದೇ ತಪ್ಪಾ?"

"ತಪ್ಪು ಯಾಕೆ ಮಾವ? ಎಂಥ ಗಟ್ಟಿ ಆಳಿಗೂ ಚಳೀಲಿ ಸ್ವೆಟರ್ ಬೇಡ್ವಾ? ನಮ್ಮ ಕೋಲ್ಡ್ ಸ್ಟೋರೇಜ್ ಗೋಡೇಲಿ ಹೊರಗಿನ ಶಾಖ ಒಳಗೆ ಬರದ ಹಾಗೆ ದಪ್ಪನೆಯ ಹಾಸು ಇದೆ. ಅಂಥದ್ದನ್ನೇ ಅಟ್ಟದಲ್ಲಿ ಹಾಸಿದ್ರೆ ಒಳಗಿನ ಶಾಖ ಹೊರಗೆ ಹೋಗಲ್ಲ."

ಅಷ್ಟು ಕೇಳಿದ್ದೇ ಮೇಸ್ತ್ರಿಯೊಳಗಿನ ಮೇಸ್ತ್ರಿ ಎದ್ದು ಕೂತ. "ಹಾಗಂತ ತಂದು ಹಾಸಿಬಿಡೋದಲ್ಲ. ಮೊದಲು ಮಾಡು ಸೋರೋದು ನಿಲ್ಲಬೇಕು. ಹಾಸು ಒದ್ದೆಯಾದ್ರೆ ಮಾಡಿದ್ದೆಲ್ಲ ದಂಡ!"

ಒಡೆದ ಹೆಂಚುಗಳನ್ನು ತಾವೇ ಬದಲಿಸಿದರು. ಸೊಸೆ ಕಿಟಕಿ ಬಾಗಿಲುಗಳ ಅಂಚಿಗೆ ತೆಳು ಕಾಗದ ಹಿಡಿದು, ಅದು ಅಲ್ಲಾಡಿದಲ್ಲೆಲ್ಲ ಸಂದು ಮುಚ್ಚಿದಳು. ವೈರಿಂಗ್ ಕೆಲಸದವನು ಬಂದು ಅಟ್ಟದ ಹಳೇ ವೈರು ಸರಿಮಾಡಿದ. ಆಮೇಲೆ ಮಾವ, ಸೊಸೆ ಇಬ್ಬರೂ ಕೈಗವಸು, ಮಾಸ್ಕ್ ಹಾಕಿಕೊಂಡು ಗಾಜಿನ ನಾರಿನ ಹಾಸನ್ನು ಎಲ್ಲೂ ಸಂದು ಬಿಡದೆ ಹಾಸಿದರು. ಬಿಸಿ ತಾಗದಿರಲೆಂದು ಒಲೆಯ ಹೊಗೆಕೊಳವೆ ಸುತ್ತ ಮಾತ್ರ ಜಾಗ ಬಿಟ್ಟರು.

ಅತ್ತೆ ಉತ್ಸಾಹದಲ್ಲಿ ಗೋಡೆಯ ಗಾಳಿಕಿಂಡಿಗೂ ಬಟ್ಟೆ ತುರುಕಲು ಹೊರಟರು.

"ಅದೊಂದು ಬೇಡ ಅತ್ತೆ! ಒಲೆ ಉರಿಯೋ ಮನೆ ಉಸಿರಾಡ್ಬೇಕು. ಇಲ್ದಿದ್ರೆ ವಿಷಗಾಳಿ ತುಂಬ್ಕೊಳ್ಳುತ್ತೆ."

ಚಳಿ ಬಂತು. ವಾಡಿಕೆಯಂತೆ ಚಿಕ್ಕಮ್ಮ ಹುಡುಗಿಯನ್ನು ಕರೆದೊಯ್ಯಲು ಬಂದಳು. ಕೂತ ಸ್ವಲ್ಪ ಹೊತ್ತಿಗೆ ಶಾಲು ತೆಗೆದಳು, ಆಮೇಲೆ ಸ್ವೆಟರನ್ನೂ ತೆಗೆದಳು.

"ಮೊಮ್ಮಗಳು ಎಲ್ಲಿಗೂ ಬರಲ್ಲ," ಮೇಸ್ತ್ರಿ ಮೀಸೆ ತಿರುವಿದರು. "ಬೇಕಾದ್ರೆ ನೀನೇ ನಾಲ್ಕು ದಿನ ಇದ್ದು ಹೋಗಮ್ಮ."

ಆ ಚಳಿಗಾಲ ಕಡಿಮೆ ಸೌದೆಯೇ ಸಾಕಾಯಿತು. ಅಕ್ಕಪಕ್ಕದವರು ಮನೆ ನೋಡಲು ಬಂದರೆ ಮೇಸ್ತ್ರಿಯದು ಒಂದೇ ಮಾತು: "ಗೋಡೆ ನಂದು. ಬೆಚ್ಚಗಿರೋದು ನನ್ನ ಸೊಸೆಯಿಂದ."

ನಿಮ್ಮದೂ ಹಳೇ ಮನೆಯಾ? ಹಾಗಿದ್ರೆ ಇನ್ನೊಂದು ಹೊರೆ ಸೌದೆ ತರೋ ಮೊದಲು, ಶಾಖ ಎಲ್ಲಿಂದ ಹೊರಗೆ ಹೋಗ್ತಿದೆ ಅಂತ ಹುಡುಕಿ. ಮಾಡು ಸೋರೋದನ್ನ ನಿಲ್ಲಿಸಿ, ಸಂದು ಮುಚ್ಚಿ, ಆಮೇಲೆ ಅಟ್ಟದಲ್ಲಿ ಹಾಸು ಹಾಸಿ. ಗಾಳಿಕಿಂಡಿ ಮಾತ್ರ ತೆರೆದಿರಲಿ. ಗೊತ್ತಿಲ್ಲದ್ದನ್ನ ತಿಳಿದವರ ಹತ್ತಿರ ಕೇಳಿ. ಯಾರಿಗೆ ಗೊತ್ತು, ಅವರು ನಿಮ್ಮ ಮನೇಲೇ ಇರಬಹುದು!