ಮಲಗಿಸಿದ ಗಂಟೆ

ನಮ್ಮ ಭಾವನವರಿಗೆ ಫೋನಿನ ಬಗ್ಗೆ ಗೊತ್ತಿರುವುದು ಎರಡೇ: ಅದನ್ನು ಚಾರ್ಜಿಗೆ ಹಾಕಬೇಕು, ಮತ್ತು ಅದರ ವಿಷಯದಲ್ಲಿ ಎಲ್ಲರಿಗೂ ಬುದ್ಧಿ ಹೇಳಬೇಕು. ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ಅವರಿಗೆ ಕೆಲಸ. ದಿನವೂ ಬೆಳಗ್ಗೆ ಎಂಟೂವರೆಗೆ ತಪ್ಪದೆ ಕುಟುಂಬದ ಗ್ರೂಪಿಗೆ ಒಂದು ವಿಡಿಯೊ ಬಿಡುತ್ತಾರೆ. ಅದರ ಹೆಸರು ‘ಇಂದಿನ ಟಿಪ್’. ಮಲಗುವ ಕೋಣೆಯ ಗೋಡೆಗೆ ನೀಲಿ ಬೆಡ್‌ಶೀಟ್ ಕಟ್ಟಿ, ಅಂಗಿಯ ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ‘ಸ್ನೇಹಿತರೇ’ ಎಂದು ಶುರು ಮಾಡುತ್ತಾರೆ. ಆ ಸ್ನೇಹಿತರೆಂದರೆ ಅವರ ಹೆಂಡತಿ, ಅಂದರೆ ನನ್ನ ಅಕ್ಕ, ನಾನು, ನಮ್ಮ ಅತ್ತೆ, ಇಬ್ಬರು ಚಿಕ್ಕಪ್ಪಂದಿರು, ಮತ್ತು ಮದುವೆಯೊಂದರಲ್ಲಿ ಪರಿಚಯವಾಗಿ ಗ್ರೂಪಿನಿಂದ ಹೊರಗೆ ಹೋಗಲು ಮುಖದಾಕ್ಷಿಣ್ಯ ಪಡುತ್ತಿರುವ ಒಬ್ಬ ದಂತವೈದ್ಯರು.

ನಾನು ಹದಿನಾಲ್ಕು ವರ್ಷದಿಂದ ಫೋನ್ ರಿಪೇರಿ ಮಾಡುತ್ತಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ ನನ್ನ ಅಂಗಡಿ. ಎಂಟಡಿ ಅಗಲ, ಒಂದು ಮೇಜು, ಒಂದು ಭೂತಗನ್ನಡಿ, ಬೆಸುಗೆ ಹಾಕುವ ಕಡ್ಡಿ, ಮತ್ತು ಜನರ ಮೂರ್ಖತನ ತುಂಬಿದ ಎರಡು ಡ್ರಾಯರ್. ಆದರೆ ಮನೆಯಲ್ಲಿ ಫೋನಿನ ಪಂಡಿತರು ಭಾವ. ನಾನು ‘ಸ್ಕ್ರೂಡ್ರೈವರ್’. ಅವರು ಇಟ್ಟ ಹೆಸರು ಅದು. ಚಿಕ್ಕಪ್ಪಂದಿರೂ ಹಾಗೇ ಕರೆಯುತ್ತಾರೆ, ಕರೆದು ನಗುತ್ತಾರೆ.

ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದು ಭಾವ ಹೇಳಿದ ವಾರ ಚಿಕ್ಕ ಚಿಕ್ಕಪ್ಪನ ಫೋನು ನನ್ನ ಮೇಜಿಗೆ ಬಂತು. ಚಾರ್ಜಿಂಗ್ ತೂತಿನಲ್ಲಿ ನುಚ್ಚು ಸಿಕ್ಕಿಕೊಂಡಿತ್ತು, ಒಳಗೆ ನೀರು ಇದ್ದಲ್ಲೇ ಇತ್ತು. ಒದ್ದೆಯಾದ ಫೋನನ್ನು ತಕ್ಷಣ ಆಫ್ ಮಾಡಿ, ಚಾರ್ಜಿಗೆ ಹಾಕದೆ, ಬಿಚ್ಚಬಲ್ಲವರ ಹತ್ತಿರ ಓಡಬೇಕು. ಇದನ್ನು ಹೇಳಲು ನೀಲಿ ಬೆಡ್‌ಶೀಟ್ ಬೇಕಿಲ್ಲ. ಇನ್ನೊಂದು ವಾರ, ಗಾಜಿನ ಗೀರಿಗೆ ಟೂತ್‌ಪೇಸ್ಟ್ ತಿಕ್ಕಿ ಎಂದರು. ಅಕ್ಕ ತಿಕ್ಕಿದಳು, ಗೀರು ಉಳಿಯಿತು, ಗಾಜಿನ ಮೇಲಿದ್ದ ನುಣುಪು ಲೇಪ ಹೋಯಿತು, ಸ್ಪೀಕರಿನ ಜಾಲರಿಯಲ್ಲಿ ಪುದೀನ ವಾಸನೆ. ಆಮೇಲೆ ಫೋನನ್ನು ‘ಸ್ವಚ್ಛ’ ಮಾಡುವ ಆ್ಯಪ್. ಅಂಥ ಆ್ಯಪೇ ಫೋನಿನೊಳಗಿನ ಕಸ ಎಂದು ನಾನು ಒಂದು ಸಲ ಬರೆದೆ. ಭಾವ ನಗುವ ಮುಖವೊಂದನ್ನು ಕಳಿಸಿ, ‘ಸ್ಕ್ರೂಡ್ರೈವರಿಗೆ ಹೊಟ್ಟೆಉರಿ’ ಎಂದರು. ಎಲ್ಲರೂ ನಕ್ಕರು. ದಂತವೈದ್ಯರೂ ನಕ್ಕರು.

ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೆ. ನನ್ನದೂ ಒಂದು ಟಿಪ್ ಇದೆ, ಬೇಕಾದವರು ಬರೆದುಕೊಳ್ಳಿ. ಸಂದೇಶದ ಮೊದಲ ಸಾಲಿನಲ್ಲಿ ಭಾವನ ಸುದ್ದಿ ಕಂಡರೆ ನಾನು ಅದನ್ನು ತೆರೆಯುವುದೇ ಇಲ್ಲ. ಪರದೆಯ ಮೇಲಿಂದ ಇಳಿಯುವ ಪಟ್ಟಿಯಲ್ಲೇ ಮೇಲೆತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸಾಗಹಾಕುತ್ತೇನೆ. ಎರಡು ಸೆಕೆಂಡಿನ ಕೆಲಸ. ಅವರಿಗೆ ಖುಷಿ, ನನಗೆ ನೆಮ್ಮದಿ. ಈ ಉಪಾಯ ಕಂಡುಹಿಡಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಇವರೆಲ್ಲರ ನಡುವೆ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದವಳು ಅತ್ತೆ ಒಬ್ಬಳೇ. ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವಳು. ಅಕ್ಕ ಭಾವ ಇರುವ ಕಟ್ಟಡದಲ್ಲೇ, ಎರಡು ಮಹಡಿ ಕೆಳಗೆ ಅವಳ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ವೈರು. ಯಾರು ಯಾವ ನಂಬರ್ ಕೇಳಿದರೂ ಅದನ್ನು ತಿರುಗಿ ಹೇಳಿ, ‘ಸರೀನಾ?’ ಎಂದು ಕೇಳಿ, ಅತ್ತಲಿಂದ ‘ಸರಿ’ ಬಂದ ಮೇಲೆಯೇ ವೈರು ಚುಚ್ಚುತ್ತಿದ್ದಳು. ಎಕ್ಸ್‌ಚೇಂಜು ಮುಚ್ಚಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ಹೋಗಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಮೂರು ಸಲ ಇನ್ಸುಲಿನ್. ಬಹಳ ವರ್ಷದ ಕಾಯಿಲೆಯಾದ್ದರಿಂದ ರಕ್ತದಲ್ಲಿ ಸಕ್ಕರೆ ಕುಸಿದರೆ ಅವಳ ಮೈಗೆ ಈಗ ಗೊತ್ತಾಗುವುದಿಲ್ಲ. ಬೆವರು, ನಡುಕ ಯಾವುದೂ ಮುಂಚೆ ಬರುವುದಿಲ್ಲ. ನೇರ ಪ್ರಜ್ಞೆಯೇ ತಪ್ಪುತ್ತದೆ. ಹಾಗಾಗಿ ಡಾಕ್ಟರು ಅವಳ ತೋಳಿಗೆ ಒಂದು ಬಿಲ್ಲೆ ಅಂಟಿಸಿದರು. ಅದು ಐದೈದು ನಿಮಿಷಕ್ಕೆ ಸಕ್ಕರೆಯ ಮಟ್ಟವನ್ನು ಫೋನಿಗೆ ತಿಳಿಸುತ್ತದೆ, ಮಟ್ಟ ಇಳಿದರೆ ಫೋನು ಬಡಿದುಕೊಳ್ಳುತ್ತದೆ. ಆ ಆ್ಯಪನ್ನು ಅವಳ ಫೋನಿಗೆ ಹಾಕಿಕೊಟ್ಟವಳು ನಾನು. ಹಳೆಯ ಎಕ್ಸ್‌ಚೇಂಜಿನ ಗಂಟೆಯಂಥದೇ ಒಂದು ಸದ್ದು ಹುಡುಕಿ ಇಟ್ಟಿದ್ದೆ.

“ಗಂಟೆ ಹೊಡೆದ ಕೂಡ್ಲೇ ಸಕ್ಕರೆ ಮಾತ್ರೆ ಬಾಯಿಗೆ ಹಾಕ್ಕೋ. ಫೋನು ಯಾವಾಗ್ಲೂ ಜೊತೇಲಿರ್ಬೇಕು” ಎಂದೆ.

“ಗಂಟೆ ಹೊಡೆದ ಕೂಡ್ಲೇ ಸಕ್ಕರೆ ಮಾತ್ರೆ. ಫೋನು ಯಾವಾಗ್ಲೂ ಜೊತೇಲಿ. ಸರೀನಾ?”

“ಅಯ್ಯೋ, ಸರಿ ಅತ್ತೆ. ಒಂದ್ಸಲ ಹೇಳಿದ್ರೆ ಸಾಲ್ದಾ ನಿಂಗೆ?”

“ನೀನು ಹೇಳಿದ್ದೂ ನಂಗೆ ಕೇಳಿಸಿದ್ದೂ ಒಂದೇನಾ ಅಂತ ನೋಡ್ಕೋಬೇಡ್ವೇನೇ? ಒಂದೂ ರಾಂಗ್ ನಂಬರ್ ಕೊಟ್ಟೋಳಲ್ಲ ನಾನು.”

ಅವಳ ಫೋನು ಐದು ವರ್ಷದ ಹಳೆಯದು. ಮಧ್ಯಾಹ್ನವಾಗುವಷ್ಟರಲ್ಲಿ ಬ್ಯಾಟರಿ ಸುಸ್ತಾಗುತ್ತಿತ್ತು. ಹೊಸ ಬ್ಯಾಟರಿ ಹಾಕುವುದು ನನಗೆ ಇಪ್ಪತ್ತು ನಿಮಿಷದ ಕೆಲಸ. ‘ಮುಂದಿನ ವಾರ ಹಾಕಿಕೊಡ್ತೀನಿ ಅತ್ತೆ’ ಎಂದಿದ್ದೆ. ಹಾಗೆ ಮೂರು ಮುಂದಿನ ವಾರಗಳು ಕಳೆದಿದ್ದವು. ಅಂಗಡಿಯಲ್ಲಿ ಅಕ್ಕಿ ನುಚ್ಚಿನ ಫೋನುಗಳೇ ರಾಶಿ ಬಿದ್ದಿರುವಾಗ ಮನೆಯವರ ಫೋನಿಗೆ ಪುರಸೊತ್ತು ಎಲ್ಲಿ?

ಗುರುವಾರ ಬೆಳಗ್ಗೆ ಹನ್ನೊಂದೂವರೆಗೆ ಅಕ್ಕನ ಕರೆ ಬಂತು. ಅತ್ತೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ. ಬಿಚ್ಚಿದ್ದ ಫೋನನ್ನು ಬಿಚ್ಚಿದ ಹಾಗೇ ಬಿಟ್ಟು, ಅಂಗಡಿಯ ಬಾಗಿಲು ಎಳೆದುಕೊಂಡು ಓಡಿದೆ.

ಆಸ್ಪತ್ರೆಯ ಮೊದಲ ಮಹಡಿಯ ಓಣಿಯಲ್ಲಿ, ಗೋಡೆಗೆ ಒತ್ತಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕ, ಭಾವ ಕೂತಿದ್ದರು. ಭಾವನ ಕಾಲರಿನಲ್ಲಿ ಮೈಕು ಇನ್ನೂ ಸಿಕ್ಕಿಕೊಂಡೇ ಇತ್ತು. ಅದನ್ನು ಕಂಡದ್ದೇ ನನ್ನ ಮೈ ಉರಿದುಹೋಯಿತು. ‘ಹಿರಿಯರಿಗಾಗಿ ವಿಶೇಷ ಟಿಪ್’ ಎಂಬ ವಿಡಿಯೊ ಮಾಡಲು ಅವರು ಅತ್ತೆಯ ಮನೆಗೆ ಇಳಿದು ಹೋಗಿದ್ದರಂತೆ. ಎಷ್ಟು ಕರೆದರೂ ಅತ್ತೆ ಬಾಗಿಲು ತೆಗೆಯಲಿಲ್ಲ. ಅಕ್ಕನ ಹತ್ತಿರವಿದ್ದ ಇನ್ನೊಂದು ಕೀಲಿ ತಂದು ತೆಗೆದರೆ ಅತ್ತೆ ಒಲೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು. ಇವರು ಕೂಡಲೇ ಆಂಬ್ಯುಲೆನ್ಸ್ ಕರೆಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ನರ್ಸು ಹೇಳಿದರಂತೆ.

“ಈಗ ಪರವಾಗಿಲ್ವಂತೆ. ಕಣ್ಣು ಬಿಟ್ಟಿದ್ದಾಳೆ. ಸ್ವಲ್ಪ ಹೊತ್ತಾದ್ಮೇಲೆ ಒಳಗೆ ಬಿಡ್ತಾರಂತೆ” ಎಂದಳು ಅಕ್ಕ.

“ಗಂಟೆ ಹೊಡೀಲಿಲ್ವಾ?” ಎಂದೆ.

“ಇಲ್ಲ. ಫೋನು ಅವಳ ಪಕ್ಕದಲ್ಲೇ ಬಿದ್ದಿತ್ತು. ಬ್ಯಾಟರೀನೂ ಮುಕ್ಕಾಲು ಪಾಲು ಇತ್ತು.”

ಆ ಫೋನಿನಲ್ಲಿ ಹನ್ನೊಂದು ಗಂಟೆಗೆ ಮುಕ್ಕಾಲು ಪಾಲು ಬ್ಯಾಟರಿ! ನನ್ನ ತಲೆಯಲ್ಲಿ ಏನೋ ಟಕ್ಕೆಂದಿತು. ಅಕ್ಕನ ಚೀಲದಿಂದ ಫೋನು ಎಳೆದುಕೊಂಡು ಸೆಟ್ಟಿಂಗಿಗೆ ಹೋದೆ. ಬ್ಯಾಟರಿ ಉಳಿಸಲು ಮಲಗಿಸಿಟ್ಟ ಆ್ಯಪ್‌ಗಳ ಪಟ್ಟಿಯಲ್ಲಿ ಏಳು ಹೆಸರು. ಐದನೆಯದು ಅತ್ತೆಯ ಸಕ್ಕರೆ ಆ್ಯಪ್. ಅದನ್ನು ತೆರೆದು ನೋಡಿದರೆ ಅಂಕಿ ಕಾಣಿಸುತ್ತದೆ, ಪಾಪ, ಅದು ಕೆಲಸ ಮಾಡುತ್ತಿದೆ ಎಂದೇ ಅತ್ತೆ ಅಂದುಕೊಂಡಿರುತ್ತಾಳೆ. ಮುಚ್ಚಿದ ಮೇಲೆ ಅದು ಗಾಢ ನಿದ್ದೆಗೆ ಹೋಗುತ್ತದೆ. ಯಾರ ಸಕ್ಕರೆ ಎಲ್ಲಿಗೆ ಇಳಿದರೂ ಅದಕ್ಕೆ ಎಚ್ಚರವಾಗುವುದಿಲ್ಲ.

“ಇದನ್ನ ಯಾರು ಹೇಳ್ಕೊಟ್ಟಿದ್ದು?” ಎಂದೆ. ನನಗೆ ಉತ್ತರ ಗೊತ್ತಿತ್ತು.

ಭಾವ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಸರಿದರು. “ಸೋಮವಾರದ ಟಿಪ್ಪು... ಆ್ಯಪ್ ಮಲಗಿಸಿ, ಬ್ಯಾಟರಿ ಉಳಿಸಿ ಅಂತ. ಆದ್ರೆ ನಾನು ಬಳಸದೇ ಇರೋದನ್ನ ಮಾತ್ರ ಅಂದಿದ್ದೆ ಕಣಮ್ಮ. ಅಂದಿದ್ನಾ...”

ಅಕ್ಕನ ಮದುವೆಯಾದಂದಿನಿಂದ ಹನ್ನೊಂದು ವರ್ಷ ಹಲ್ಲು ಕಚ್ಚಿ ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. “ನಿಮಗೆ ಏನು ಗೊತ್ತು ಅಂತ ಬಾಯಿ ಬಿಡ್ತೀರ ಭಾವ? ಒಂದು ಫೋನು ಬಿಚ್ಚಿದೀರಾ ಜನ್ಮದಲ್ಲಿ? ಬ್ಯಾಟರಿ ಎಲ್ಲಿರುತ್ತೆ ಗೊತ್ತಾ? ಬೆಡ್‌ಶೀಟ್ ಕಟ್ಕೊಂಡು, ಮೈಕು ಸಿಕ್ಕಿಸ್ಕೊಂಡು, ಎಲ್ಲಿಂದಲೋ ಕದ್ದ ತೌಡನ್ನ ದಿನಾ ಕುಟ್ತೀರಲ್ಲ, ನಾಚಿಕೆ ಆಗಲ್ವಾ? ಆ ಮೈಕು ಮೊದ್ಲು ಕಿತ್ತು ಬಿಸಾಕಿ! ನಿಮ್ಮ ಹುಚ್ಚಿಗೆ ಅತ್ತೆ ಸತ್ತೇ ಹೋಗ್ತಿದ್ಲು!”

ಓಣಿಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಔಷಧದ ತಟ್ಟೆ ಹಿಡಿದ ನರ್ಸು ಮೆಲ್ಲಗೆ ಮಾತಾಡುವಂತೆ ಕೈಸನ್ನೆ ಮಾಡಿದರು. ಅಕ್ಕ ನನ್ನ ಮೊಣಕೈ ಹಿಡಿದು ಎಳೆದಳು. ಭಾವ ಮೈಕನ್ನು ಬಿಡಿಸಿಕೊಳ್ಳಲು ಹೋದರು, ಕ್ಲಿಪ್ಪು ಕಾಲರಿಗೆ ಕಚ್ಚಿಕೊಂಡು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು. ಅತ್ತೆ ಒಳಗೆ ಮಲಗಿದ್ದಳು, ನಾನು ಹೊರಗೆ ಗೆದ್ದಿದ್ದೆ.

“ಇಲ್ಲ, ಇವತ್ತು ಇದು ಇತ್ಯರ್ಥ ಆಗ್ಲೇಬೇಕು. ನಿಮ್ಮ ಬಾಯಿಮಾತು ಬೇಡ. ಅವಳಿಗೆ ನೀವು ಏನು ಕಳಿಸಿದ್ರಿ ಅಂತ ಎಲ್ಲಾರ ಮುಂದೆ ತೋರಿಸ್ತೀನಿ” ಎಂದು ಅತ್ತೆಯ ಫೋನಿನಲ್ಲಿ ಸಂದೇಶಗಳನ್ನು ತೆರೆದೆ.

ಗ್ರೂಪಿನ ಕೆಳಗೇ ಇದ್ದದ್ದು ನನ್ನ ಹೆಸರು.

ಸೋಮವಾರ, ಹತ್ತು ಗಂಟೆ ಐವತ್ತು ನಿಮಿಷ. ಆ ಏಳು ಹೆಸರುಗಳದೇ ಚಿತ್ರ, ಅದರ ಕೆಳಗೆ ಅತ್ತೆಯ ಬರಹ: ‘ನಿಮ್ಮ ಭಾವ ಹೇಳಿದ ಟಿಪ್ ನೋಡಿದೆ. ಒಟ್ಟು ಏಳು ಆ್ಯಪ್ ಮಲಗಿಸಬೇಕಂತೆ. ಐದನೆಯದು ನೀನು ಹಾಕಿಕೊಟ್ಟ ಸಕ್ಕರೆಯದು. ಅದನ್ನೂ ಮಲಗಿಸಬಹುದಾ? ಗಂಟೆಗೆ ತೊಂದರೆ ಇಲ್ಲ ತಾನೇ? ನೀನು ಹೇಳದೆ ಮುಟ್ಟುವುದಿಲ್ಲ. ಸರೀನಾ?’

ಅದರ ಕೆಳಗೆ, ಒಂದು ನಿಮಿಷವೂ ಕಳೆಯದೆ, ನನ್ನ ಹೆಬ್ಬೆರಳು.

ಅದರ ಕೆಳಗೆ ಅತ್ತೆ: ‘ನೀನು ಸರಿ ಅಂದೆ. ಏಳನ್ನೂ ಮಲಗಿಸಿದೆ.’

ಅಕ್ಕ ನನ್ನ ಭುಜದ ಮೇಲಿಂದ ಓದಿದಳು. ಭಾವ ಎದ್ದು ಬಂದು ಓದಿದರು. ನಾನು ಫೋನನ್ನು ಮುಚ್ಚಬಹುದಿತ್ತು, ಆದರೆ ಕೈಗೆ ಅದು ತೋಚಲಿಲ್ಲ. ಸೋಮವಾರ ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಯಾರದೋ ಫೋನು ಭೂತಗನ್ನಡಿಯ ಕೆಳಗಿತ್ತು. ಟಿಂಗ್ ಎಂದಿತು. ಮೊದಲ ಸಾಲಿನಲ್ಲಿ ‘ನಿಮ್ಮ ಭಾವ’ ಎಂದು ಕಂಡಿರಬೇಕು. ಅದಕ್ಕಿಂತ ಮುಂದೆ ನಾನು ಓದುವವಳಲ್ಲವಲ್ಲ. ಆಮೇಲೆ ಬಂದದ್ದನ್ನೂ ಅದರ ಜೊತೆಗೇ ಒರೆಸಿಹಾಕಿರಬೇಕು.

ಭಾವ ಈಗ ಏನಾದರೂ ಅನ್ನಲಿ ಎಂದು ಕಾದೆ. ‘ಸ್ಕ್ರೂಡ್ರೈವರ್’ ಅನ್ನಲಿ, ನಗಲಿ, ನನ್ನ ಮಾತನ್ನೇ ನನ್ನ ಮುಖಕ್ಕೆ ಎಸೆಯಲಿ. ಅವರು ಕಡೆಗೂ ಮೈಕು ಬಿಡಿಸಿ ಜೇಬಿಗೆ ಹಾಕಿಕೊಂಡರು. “ಟಿಪ್ಪು ನನ್ದೇ ತಾನೆ” ಎಂದರು ಅಕ್ಕನ ಕಡೆ ತಿರುಗಿ. “ಅತ್ತೆಗೆ ನಾನು ಹೇಳ್ತೀನಿ. ಇವಳ ವಿಷ್ಯ ಎತ್ತೋದು ಬೇಡ.”

ಹನ್ನೊಂದು ವರ್ಷ ನಾನು ಕಾಲ ಕಸವಾಗಿ ಕಂಡ ಮನುಷ್ಯ ನನ್ನ ಮೇಲೆ ಕನಿಕರ ತೋರಿಸುತ್ತಿದ್ದರು. ಅದನ್ನು ಬೇಡ ಎನ್ನುವ ಮುಖವೂ ನನಗೆ ಉಳಿದಿರಲಿಲ್ಲ.

ನರ್ಸು ಕರೆದರು. ಮೂವರೂ ಒಳಗೆ ಹೋದೆವು. ಕಿಟಕಿಯ ಪಕ್ಕದ ಮಂಚದಲ್ಲಿ ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ಬಿದ್ದಾಗ ಹಣೆಗೆ ಪೆಟ್ಟಾಗಿತ್ತು, ಅಲ್ಲಿ ಪಟ್ಟಿ. ನನ್ನನ್ನು ನೋಡಿ ಅವಳ ಮುಖ ಅರಳಿತು. ಅದನ್ನು ನೋಡಲು ನನಗಾಗಲಿಲ್ಲ.

“ಬಂದ್ಯಾ? ಒಳ್ಳೇದಾಯ್ತು. ಇದು ನಿಂಗೇ ಗೊತ್ತಾಗೋದು” ಎಂದಳು. ದನಿ ಕುಗ್ಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. “ಗಂಟೆ ಯಾಕೇ ಹೊಡೀಲಿಲ್ಲ? ನಾನು ಎಲ್ಲಾ ನೀನು ಹೇಳಿದ ಹಾಗೇ ಮಾಡಿದ್ನಲ್ಲ.”

ಭಾವ ಗಂಟಲು ಸರಿಮಾಡಿಕೊಂಡರು. “ಅದು ಅತ್ತೆ, ನನ್ನ ಟಿಪ್ಪಲ್ಲಿ...”

“ನೀವು ಸುಮ್ನಿರಿ” ಎಂದಳು ಅತ್ತೆ. “ನಿಮ್ಮ ಟಿಪ್ಪನ್ನ ನಂಬೋಳಾ ನಾನು? ಇವಳನ್ನ ಕೇಳೇ ಮಾಡಿದ್ದು.”

ಅಕ್ಕ ಕಿಟಕಿಯ ಕಡೆ ತಿರುಗಿದಳು. ನಾನು ಮಂಚದ ಕಂಬಿ ಹಿಡಿದುಕೊಂಡೆ.

“ನೀನು ಕಳಿಸಿದ್ದನ್ನ ನಾನು ಓದ್ಲಿಲ್ಲ ಅತ್ತೆ. ಓದ್ದೇನೇ ಹೆಬ್ಬೆರಳು ಒತ್ತಿದೆ.”

ಅತ್ತೆ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹಲಗೆಯ ಮುಂದೆ ಕೂತು ಯಾರದೋ ನಂಬರನ್ನು ತಿರುಗಿ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಓದ್ಲಿಲ್ಲ. ಓದ್ದೇನೇ ಹೆಬ್ಬೆರಳು ಒತ್ತಿದೆ. ಸರೀನಾ?”

ಅವಳು ಕಾಯುತ್ತಿದ್ದಳು. ನಾನು ಹೇಳುವವರೆಗೂ ಕಾಯುತ್ತಾಳೆಂದು ನನಗೆ ಗೊತ್ತಿತ್ತು.

“ಸರಿ” ಎಂದೆ.