ಬರಿಯ ಮೂತ್ರಕ್ಕೆ ಹಿಡಿದ ನೀಲಿ ದೀಪ

ನಮ್ಮ ನದಿಯ ಗಂಡಸರು ಮರಳಿನ ಚಿನ್ನವನ್ನು ಪಾದರಸದಲ್ಲಿ ಹಿಡಿದು, ಆ ಉಂಡೆಯನ್ನು ಅಡುಗೆ ಒಲೆಯ ಮೇಲೇ ಸುಡುತ್ತಾರೆ. ಪಾದರಸ ಹೊಗೆಯಾಗಿ ಮನೆಯವರ ಎದೆಗಿಳಿಯುತ್ತದೆ. ಅದಕ್ಕೇ ನರ್ಸ್ ಸೊರಾಯ್ದಾ ಬಸುರಿಯರ ಮೂತ್ರ ಪರೀಕ್ಷಿಸಲು ಹೊಸ ನಳಿಕೆಗಳನ್ನು ತಂದಿದ್ದಳು. ಅವುಗಳೊಳಗೆ ಡಿಎನ್ಎ ಎಳೆ ಇರುತ್ತದಂತೆ. ಪಾದರಸ ಸಿಕ್ಕರೆ ಎಳೆ ಮಡಚಿಕೊಂಡು, ನೀಲಿ ದೀಪದ ಕೆಳಗೆ ಹಸಿರಾಗಿ ಹೊಳೆಯುತ್ತದೆ.

ನಾಲ್ವರ ನಳಿಕೆಗಳು ಮಂಕಾಗಿದ್ದವು. ನನ್ನ ಸೊಸೆ ನೆಲಿದಾಳದು ಮಾತ್ರ ಎಳೆಯ ಬಾಳೆಯೆಲೆಯ ಹಾಗೆ ಹೊಳೆಯಿತು.

"ಇಷ್ಟು ನಾನು ಎಲ್ಲೂ ನೋಡಿಲ್ಲ," ಎಂದಳು ಸೊರಾಯ್ದಾ. "ಇವತ್ತೇ ಕುಸ್ಕೋ ಆಸ್ಪತ್ರೆಗೆ ಹೊರಡ್ಬೇಕು. ಲಾರಿ ಇನ್ನೇನು ಬರತ್ತೆ."

ನೆಲಿದಾಗೆ ಆರು ತಿಂಗಳು. ಹಿಂದಿನ ಬಸಿರು ಇಳಿದದ್ದು ಕುಸ್ಕೋಗೆ ಹೋಗುವ ಅದೇ ಬೆಟ್ಟದ ರಸ್ತೆಯಲ್ಲಿ.

"ಹೋಗ್ದೇ ಇದ್ರೆ?" ಎಂದೆ.

"ಕೂಸಿನ ಮಿದುಳಿಗೆ ಏರತ್ತೆ."

ನೆಲಿದಾ ಬೆಂಚಿನ ಅಂಚು ಹಿಡಿದು ಕೂತಳು. ಅವಳ ಗಂಡ, ನನ್ನ ಮಗ ರೊಸೆಂದೊ ಬಟ್ಟೆ ಕಟ್ಟಲು ಓಡಿದ.

ಬೆಳಿಗ್ಗೆ ಅವಳಿಗೆ ಬಿ ವಿಟಮಿನ್ನಿನ ಸೂಜಿ ಚುಚ್ಚಿದ್ದವಳು ನಾನೇ. ನಮ್ಮಲ್ಲಿ ಪರೀಕ್ಷೆ ಇರಲಿ, ಪ್ರಯಾಣ ಇರಲಿ, ಬಲಕ್ಕೆಂದು ಮೊದಲು ಅದೊಂದು ಆಗಲೇಬೇಕು. ನರ್ಸುಗಳು ಬೈಯುತ್ತಾರೆಂದು ಹೇಳುವುದಿಲ್ಲ. ಹಾಕಿಸಿಕೊಂಡ ದಿನ ಮೂತ್ರ ಕಡುಹಳದಿ ಬರುವುದು ಊರಿಗೇ ಗೊತ್ತು. ದೀಪದ ಕೆಳಗೆ ಹೊಳೆದದ್ದು ಆ ಬಣ್ಣವೇ ಆಗಿದ್ದರೆ?

ಹೊರಗೆ ಲಾರಿಯ ಹಾರ್ನ್ ಕೇಳಿಸಿತು.

"ಮಗಳೇ, ಅವಳ ಬರೀ ಉಚ್ಚೆನ ದೀಪಕ್ಕೆ ಹಿಡಿ. ಎಳೆ ಹಾಕ್ಬೇಡ," ಎಂದೆ ಸೊರಾಯ್ದಾಗೆ.

"ಅಜ್ಜಿ, ಇದು ಆಟ ಆಡೋ ಹೊತ್ತಾ?"

"ಆಮೇಲೆ ಬೈಯುವಂತೆ. ಬೆಳಿಗ್ಗೆ ಇವಳಿಗೆ ಬಿ ಚುಚ್ಚಿದೀನಿ."

ಸೊರಾಯ್ದಾ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಬರಿಯ ಮೂತ್ರವನ್ನು ದೀಪಕ್ಕೆ ಹಿಡಿದಳು. ಎಳೆಯಿಲ್ಲದೆಯೂ ಅದೇ ಹಸಿರು.

"ಊರಿಗೆಲ್ಲ ಸೂಜಿ ಚುಚ್ಚೋ ಕೈ, ಬಾಯಿ ಹೊಲ್ಕೊಂಡು ಕೂತಿತ್ತಾ, ಎರ್ಲಿಂದಾ ಅಜ್ಜಿ?" ಎಂದಳು. "ಹೊಳೆದದ್ದು ನಿಮ್ಮ ವಿಟಮಿನ್ನು. ಹಾಗಂತ ವಿಷ ಇಲ್ಲ ಅಂತಲ್ಲ. ಇದೆಯೋ ಇಲ್ವೋ ಗೊತ್ತಿಲ್ಲ, ಅಷ್ಟೇ. ಸೂಜಿ ಮುಟ್ಟದೆ ಮೂರು ದಿನ ಕಾಯಿರಿ."

ಲಾರಿ ನೆಲಿದಾಳನ್ನು ಬಿಟ್ಟು ಹೋಯಿತು.

ರೊಸೆಂದೊ ಉಂಡೆ ಸುಡುವ ಬಾಣಲೆಯನ್ನು ನದಿಯಾಚೆಗೆ ಒಯ್ದ. ನನ್ನೊಡನೆ ಆಡಿದ್ದು ಒಂದೇ ಮಾತು: "ವಿಷ ಇದ್ದು ಮೂರು ದಿನ ಸುಮ್ನೆ ಹೋದ್ರೆ, ಅಮ್ಮಾ, ಏನ್ ಹೇಳ್ತೀಯ?" ನೆಲಿದಾಗೆ ಅನ್ನ, ಹುರಿದ ಬಾಳೆಕಾಯಿ ಬಡಿಸಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಉಂಡಳು.

ನಾಲ್ಕನೆಯ ಬೆಳಿಗ್ಗೆ ಸೊರಾಯ್ದಾ ಮೊದಲು ಬರಿಯ ಮೂತ್ರವನ್ನು ಹಿಡಿದಳು. ಹೊಳಪೇ ಇಲ್ಲ. ಎಳೆಯ ನಳಿಕೆಗೆ ಹನಿಸಿ ಹತ್ತು ನಿಮಿಷ ಕಾಯಬೇಕಾಗಿತ್ತು. ಯಾರೂ ಕೂರಲಿಲ್ಲ. ನೆಲಿದಾ ಕಣ್ಣು ಮುಚ್ಚಿ ನಿಂತಿದ್ದಳು.

ದೀಪ ಹತ್ತಿತು.

"ಮಂಕು," ಎಂದಳು ಸೊರಾಯ್ದಾ, ಎರಡು ಸಲ ನೋಡಿ. "ಮಿಕ್ಕವರಷ್ಟೇ. ಲಾರಿ ಬೇಡ. ಆ ಬಾಣಲೆ ಮಾತ್ರ ಮತ್ತೆ ಮನೆಗೆ ಬರಕೂಡದು."

ನೆಲಿದಾ ಕಣ್ಣು ತೆರೆದು, ನಳಿಕೆಯ ಕಡೆಗಲ್ಲ, ನನ್ನ ಕಡೆ ನೋಡಿದಳು.

"ಅತ್ತೆ, ಹೆರಿಗೆವರೆಗೂ ಸೂಜಿ ಹಿಡ್ಕೊಂಡು ನನ್ನ ಸೊಂಟದ ಹತ್ರ ಸುಳಿಬೇಡಿ," ಎಂದು ನನ್ನ ತೋಳು ಹಿಡಿದು ಮೆಟ್ಟಿಲಿಳಿದಳು.