ಸೊಟ್ಟ ಉಂಗುರ

ಚಳಿಗಾಲ. ಬೀದಿ ದೀಪ ಇನ್ನೂ ಆರಿರಲಿಲ್ಲ. ಒಡವೆ ಅಂಗಡಿಯ ಯಜಮಾನ ಸತ್ತ ತಾಯಿಯ ಬೆರಳಿಗೆ ಸೋಪು ಹಚ್ಚಿ ಉಂಗುರ ಎಳೆಯುತ್ತಿದ್ದ. ಸತ್ತವಳ ತಂಗಿ, ಅವನ ಚಿಕ್ಕಮ್ಮ, ಬಾಗಿಲಲ್ಲಿ ನಿಂತಿದ್ದಳು.

"ಬಿಡೋ. ಅದನ್ನ ಹಾಕ್ಕೊಂಡೇ ಹೋಗ್ತೀನಿ ಅಂದಿದ್ದಳು."

"ಹೋಗ್ಲಿ ಚಿಕ್ಕಮ್ಮ, ಯಾರು ಬೇಡ ಅಂದ್ರು? ಸ್ವಲ್ಪ ಸರಿ ಮಾಡಿಸಿ ತರ್ತೀನಿ. ಗಿರಾಕಿಗಳೆಲ್ಲ ಬರ್ತಾರೆ. ಒಡವೆ ಅಂಗಡಿಯವನ ತಾಯಿ ಕೈಯಲ್ಲಿ ಇಂಥದ್ದು ಕಂಡ್ರೆ ನನ್ನ ಮಾನ ಏನಾಗ್ಬೇಕು?"

ತಾಯಿಯ ಮೈ ತಣ್ಣಗಾಗುವ ಮೊದಲೇ ಅವನಿಗೆ ಮಾನದ ಬಿಸಿ ತಟ್ಟಿತ್ತು. ಚಿಕ್ಕಮ್ಮ ಅಡ್ಡ ನಿಂತಳು. ಅವನು ಉಂಗುರ ಹಿಡಿದು ಪಕ್ಕದಿಂದ ನುಸುಳಿ ಹೋದ.

*

ಯುದ್ಧ ಮುಗಿದು ಚಿನ್ನ ಮತ್ತೆ ಕೈಗೆ ಸಿಗತೊಡಗಿದ ಕಾಲದಲ್ಲಿ ಸತ್ತವಳ ಗಂಡ ಆ ಉಂಗುರ ಮಾಡಿದ್ದ. ಹೂವಿಲ್ಲ, ಬಳ್ಳಿಯಿಲ್ಲ, ಮೈಯೆಲ್ಲ ಮರದ ತೊಗಟೆಯ ಹಾಗೆ ಒರಟು. ವಜ್ರ ನಡುವೆ ಕೂತಿರಲಿಲ್ಲ, ಅಂಚಿನಲ್ಲಿ ಈಗಲೋ ಆಗಲೋ ಬೀಳುವಂತಿತ್ತು. ಸುತ್ತೂ ದುಂಡಗಿರಲಿಲ್ಲ. ಅವಳ ಬೆರಳಿಗೆ ಒತ್ತಿ ಒತ್ತಿ ನೋಡಿ ಓರೆಯಾಗಿ ಬಾಗಿಸಿದ್ದ.

ಅಂಗಡಿ ಆಗ ಅವನ ಅಣ್ಣನದು. ಅಣ್ಣ ಉಂಗುರ ಎತ್ತಿ ಹಿಡಿದು, ಇಲಿ ಕಡಿದು ಬಿಟ್ಟಿದೆಯೇನೋ ಅಂದ. ಅಂಗಡಿಯೆಲ್ಲ ನಕ್ಕಿತು. ಕರಗಿಸಲು ಮೂಸೆಗೆ ಹಾಕುವಷ್ಟರಲ್ಲಿ ಅವಳು ಒಳಮನೆಯಿಂದ ಬಂದು ಒದ್ದೆ ಕೈ ಚಾಚಿದಳು.

"ಮೂಸೆಗೆ ಬೇಡ ಭಾವ. ಇಲ್ಲಿ ಹಾಕಿ."

ಮತ್ತೆ ತೆಗೆಯಲೇ ಇಲ್ಲ. ಪಾತ್ರೆ ಉಜ್ಜುವಾಗಲೂ ಅದೇ, ಮದುವೆ ಮನೆಗೂ ಅದೇ. ಬೇರೆ ಒಳ್ಳೇದು ಇಲ್ವಾ ಅಂತ ಕೇಳಿದ ಓರಗಿತ್ತಿಯ ಐದು ಬೆರಳನ್ನೂ ಒಂದೊಂದಾಗಿ ನೋಡಿ, "ನಿಮ್ಮ ಹತ್ರ ಇದ್ಯಲ್ಲಕ್ಕ, ಐದೂ ಒಂದೇ ಥರದ್ದು," ಅಂದಿದ್ದಳು.

*

ಬಿಸಿಲೇರುವ ಹೊತ್ತಿಗೆ ಉಂಗುರ ಬಂತು. ತೊಗಟೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಸುತ್ತು ದುಂಡಗಾಗಿ ತುಸು ಹಿಗ್ಗಿತ್ತು. ವಜ್ರ ನಡುವಿಗೆ ಬಂದು ಎಲ್ಲ ವಜ್ರಗಳ ಹಾಗೆ ಕೂತಿತ್ತು. ಮಗ ಅದನ್ನು ತೊಡಿಸಿ, ಬಂದವರಿಗೆ ಕಾಣುವಂತೆ ಕೈಯನ್ನು ಮುಂದಕ್ಕಿಟ್ಟ. ಈಗ ಅತ್ತೆ ಕೈ ಲಕ್ಷಣವಾಯಿತು ಅಂದಳು ಸೊಸೆ. ಒಬ್ಬ ಗಿರಾಕಿ ಕಣ್ಣೊರೆಸಿಕೊಳ್ಳುತ್ತಲೇ, ಇಂಥದ್ದು ನಮಗೂ ಒಂದು ಆಗುತ್ತದೆಯೇ ಎಂದು ವಿಚಾರಿಸಿದ. ಮಗ ತಗ್ಗಿದ ದನಿಯಲ್ಲಿ, ಸೋಮವಾರ ಬನ್ನಿ ಅಂದ.

ಚಿಕ್ಕಮ್ಮ ಅಕ್ಕನ ಕೈ ಎತ್ತಿಕೊಂಡಳು. ಬೆರಳ ಬುಡದಲ್ಲಿ ಹಳೆಯ ಉಂಗುರ ಕೂತು ಕೂತು ಬಿದ್ದ ಓರೆ ಹಳ್ಳವಿತ್ತು. ದುಂಡನೆಯ ಉಂಗುರ ಅದರೊಳಕ್ಕೆ ಇಳಿಯದೆ ಮೇಲೆ ನಿಂತಿತ್ತು.

"ಇದ್ಯಾರ ಕೈಯೋ?"

"ಅಮ್ಮಂದೇ, ಚಿಕ್ಕಮ್ಮ."

"ಕೈ ನಮ್ಮಕ್ಕಂದು. ಉಂಗುರ ನಿಂದು. ನೀನೇ ಇಟ್ಕೋ."

ಅವಳು ಕೈ ಇಳಿಬಿಟ್ಟಳು. ಉಂಗುರ ತಾನಾಗಿ ಜಾರಿ, ನೆಲದ ಮೇಲೆ ಉರುಳಿ ಅಕ್ಕ ಮಲಗಿದ್ದ ಮಂಚದ ಕೆಳಗೆ ಹೋಯಿತು. ಮಗ ತೆವಳಿಕೊಂಡು ಹಿಂದೆಯೇ ನುಗ್ಗಿದ. ಗಿರಾಕಿಗಳಿಗೆ ಅವನ ಎರಡು ಅಂಗಾಲಷ್ಟೇ ಕಾಣುತ್ತಿದ್ದವು.

ಹೊರುವವರು ಬಂದರು. ಹೊತ್ತಾಯಿತು ಅಂದರು. ಮಂಚವನ್ನೇ ಎತ್ತಿದಾಗ ಮಗ ಬರಿ ನೆಲದ ಮೇಲೆ ಮಂಡಿಯೂರಿ, ಬಗ್ಗಿ ತಡಕಾಡುತ್ತಿದ್ದ. ತಾಯಿ ಅವನ ತಲೆಯ ಮೇಲಿಂದ ಹಾದು ಹೋದಳು, ಬೆರಳಲ್ಲಿ ಆ ಸೊಟ್ಟ ಗುರುತೊಂದನ್ನೇ ತೊಟ್ಟುಕೊಂಡು.